ಓದದೆ ಒತ್ತಿದ ಹೆಬ್ಬೆಟ್ಟು

ನಮ್ಮ ತಾತನಿಗೆ ಓದು ಬರಹ ಬರುತ್ತಿರಲಿಲ್ಲ. ಸೊಸೈಟಿ ಸಾಲದ ಕಾಗದ ಇರಲಿ, ಜಮೀನಿನ ಪತ್ರ ಇರಲಿ, ಯಾರಾದರೂ ಪೂರ್ತಿ ಓದಿ ಹೇಳುವ ತನಕ ಹೆಬ್ಬೆಟ್ಟು ಒತ್ತುತ್ತಿರಲಿಲ್ಲ. "ಇನ್ನೊಂದ್ ಸಲ ಓದ್ಲಾ" ಅಂತ ನನ್ನ ಕೈಲಿ ಎರಡೆರಡು ಸಲ ಓದಿಸುತ್ತಿದ್ದ. ನಾನಾಗ ಆರನೇ ಕ್ಲಾಸು.

ಈಗ ನಾನು ಬಿಇ. ಸಾಫ್ಟ್‌ವೇರ್ ಕೆಲಸ. ದಿನಾ ಹತ್ತು ಜನರ ಕೋಡ್ ಓದಿ, ಇಲ್ಲಿ ತಪ್ಪಿದೆ, ಅಲ್ಲಿ ಟೆಸ್ಟ್ ಇಲ್ಲ ಅಂತ ಕಾಮೆಂಟ್ ಹಾಕಿ ಸಂಬಳ ತಗೊಳ್ಳುವವನು. ಇಂಥ ನಾನು ಐದು ವರ್ಷದ ಹಿಂದೆ, ಒಂದು ಮೀಟಿಂಗಿನ ಮಧ್ಯೆ, ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಬಂದ ಒಂದು ಮೆಸೇಜಿಗೆ ಓದದೆ ಹೆಬ್ಬೆಟ್ಟು ಒತ್ತಿದೆ. ಹಳದಿ ಬಣ್ಣದ, ಮೇಲಕ್ಕೆ ನಿಂತ ಹೆಬ್ಬೆಟ್ಟು.

ಮೆಸೇಜಿನ ಸಾರ ಇಷ್ಟು. ಲಕ್ಷ್ಮಣ ಫಲ ಕೀಮೋಥೆರಪಿಗಿಂತ ಹತ್ತು ಸಾವಿರ ಪಟ್ಟು ಶಕ್ತಿಶಾಲಿ. ಅಡ್ಡ ಪರಿಣಾಮ ಸೊನ್ನೆ. ಕೀಮೋ ಬರೀ ಕೆಮಿಕಲ್, ವಿಷ. ಔಷಧಿ ಕಂಪನಿಗಳು ಮುಚ್ಚಿಟ್ಟ ಸತ್ಯ ಇದು, ಎಲ್ಲರಿಗೂ ಕಳಿಸಿ. ಕಳಿಸಿದವನು ನಮ್ಮ ದೊಡ್ಡಪ್ಪನ ಮಗ. ಅವನೂ ಇಂಜಿನಿಯರ್ರೇ. ಒಳ್ಳೆಯ ಮನಸ್ಸಿನಿಂದಲೇ ಕಳಿಸಿದ್ದ. ಏಕೆಂದರೆ ಆ ಗ್ರೂಪಿನಲ್ಲೇ ನಮ್ಮ ಚಿಕ್ಕಮ್ಮನೂ ಇದ್ದಳು, ಮತ್ತು ಆಗ ಅವಳಿಗೆ ಕೀಮೋ ನಡೆಯುತ್ತಿತ್ತು.

ಚಿಕ್ಕಮ್ಮನಿಗೆ 46 ವರ್ಷ. ಎದೆಯಲ್ಲಿ ಗಂಟು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಆಪರೇಷನ್ ಆಗಿ, ಮೂರು ವಾರಕ್ಕೊಂದರಂತೆ ಕೀಮೋ ಶುರುವಾಯ್ತು. ಮೊದಲ ನಾಲ್ಕು ಸಲ 'ಎಸಿ' ಅಂದರು. ನನಗೆ ಗೋಡೆ ಮೇಲಿನ ಎಸಿ ಮಾತ್ರ ಗೊತ್ತು. ಎ ಅಂದರೆ ಆಡ್ರಿಯಾಮೈಸಿನ್, ಸಿ ಅಂದರೆ ಸೈಕ್ಲೋಫಾಸ್ಫಮೈಡ್ ಅಂತ ತಿಳಿದದ್ದು ಬಹಳ ತಡವಾಗಿ. ಆಡ್ರಿಯಾಮೈಸಿನ್‌ನ ಇನ್ನೊಂದು ಹೆಸರು ಡಾಕ್ಸೊರುಬಿಸಿನ್. ದಾಳಿಂಬೆ ರಸದ ಹಾಗೆ ಕೆಂಪಗಿರುತ್ತೆ. ನರ್ಸ್ ಗ್ಲೌಸ್ ಹಾಕಿಕೊಂಡು, ಡ್ರಿಪ್ಪಿನ ಪೈಪಿಗೆ ನಿಧಾನವಾಗಿ ಬಿಡುತ್ತಿದ್ದರು. ನರದಿಂದ ಆಚೆ ಸೋರಿದರೆ ಸುತ್ತಲಿನ ಮಾಂಸ ಸುಟ್ಟ ಹಾಗಾಗುತ್ತೆ, ಅದಕ್ಕೇ ಅಷ್ಟು ಹುಷಾರು.

ಚಿಕ್ಕಮ್ಮ ಅದನ್ನೇ ನೋಡುತ್ತಾ ಕೇಳಿದಳು: "ಲೇ ಮಗ, ಈ ಕೆಂಪ್ ನೀರು ನನ್ ಮೈಯೊಳಕ್ಕೆ ಹೋಗಿ ಏನ್ ಮಾಡ್ತದ್ಲಾ?"

ನಾನು ಲ್ಯಾಪ್‌ಟಾಪಿನಿಂದ ತಲೆ ಎತ್ತದೆ ಹೇಳಿದೆ: "ಒಳ್ಳೇದ್ ಮಾಡುತ್ತೆ ಬಿಡು ಚಿಕ್ಕಮ್ಮ. ಡಾಕ್ಟ್ರಿಗೆ ಗೊತ್ತಿರುತ್ತೆ."

ಈ ಬರಹ ಆ ಉತ್ತರದ ವಿರುದ್ಧ. ಫಾರ್ವರ್ಡ್ ಮಾಡುವವರ ಮೇಲೆ ನನಗೆ ಸಿಟ್ಟಿದೆ, ಅದಕ್ಕೂ ಬರ್ತೀನಿ. ಆದರೆ ಮೊದಲ ಏಟು ನನ್ನ ತರಹದವರಿಗೇ ಬೀಳಬೇಕು. ಇಂಗ್ಲಿಷ್ ಬರುತ್ತೆ, ಇಂಟರ್ನೆಟ್ ಇದೆ, ಮನೆಯವರು ನಮ್ಮನ್ನು ನಂಬ್ತಾರೆ. ಆದರೂ ಹಾಸಿಗೆಯ ಪಕ್ಕ ಕೂತು ಹತ್ತು ನಿಮಿಷ ವಿವರಿಸುವ ತಾಳ್ಮೆ ಇಲ್ಲ. 'ಅವಳಿಗೆ ಎಲ್ಲಿ ಅರ್ಥ ಆಗುತ್ತೆ' ಅನ್ನುವ ಕೊಬ್ಬು ಬೇರೆ.

ಅವಳಿಗೆ ಅರ್ಥ ಆಗ್ತಿತ್ತು ಸ್ವಾಮಿ. ತೋಟಕ್ಕೆ ಔಷಧಿ ಹೊಡೆಯುವಾಗ ಯಾವ ಹುಳಕ್ಕೆ, ಎಷ್ಟು ನೀರಿಗೆ ಎಷ್ಟು ಮಿಲಿ, ಹೊಡೆದ ಎಷ್ಟು ದಿನಕ್ಕೆ ದನ ಬಿಡಬಹುದು ಅಂತ ಕೇಳದೆ ಟ್ಯಾಂಕ್ ಮುಟ್ಟುತ್ತಿರಲಿಲ್ಲ. ವಿಷ ಅನ್ನುವುದನ್ನು ಅಳೆದು, ಹೊತ್ತು ನೋಡಿ ಬಳಸಬೇಕು ಅನ್ನುವುದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಅವಳು ಕೇಳಿದ್ದು ಆಂಕಾಲಜಿಯ ಮೊದಲ ಪ್ರಶ್ನೆ. ನಾನು ಅದನ್ನು ಸಮಾಧಾನದ ಮಾತಿನಲ್ಲಿ ಮುಚ್ಚಿದೆ.

ಅವತ್ತು ರಾತ್ರಿ ಎರಡು ಗಂಟೆಗೆ ಫೋನು. ಮೂತ್ರ ಕೆಂಪಗೆ ಹೋಗ್ತಿದೆ, ರಕ್ತ ಬೀಳ್ತಿದೆ ಅಂತ ಅಳು. ರಕ್ತ ಅಲ್ಲ, ಔಷಧಿಯ ಬಣ್ಣವೇ ಹಾಗೆ ಹೊರಗೆ ಹೋಗುತ್ತೆ, ಒಂದೆರಡು ದಿನ ಇರುತ್ತೆ. ಈ ಮಾತು ಆಸ್ಪತ್ರೆಯವರು ಕೊಟ್ಟ ಎರಡು ಪುಟದ ಹಾಳೆಯಲ್ಲಿತ್ತು. ಹಾಳೆ ಇಂಗ್ಲಿಷಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಕನ್ನಡದಲ್ಲಿ ಹೇಳುವ ಪುರುಸೊತ್ತು ಅಲ್ಲಿ ಯಾರಿಗೂ ಇರಲಿಲ್ಲ. ಓದಿ ಹೇಳಬೇಕಾದವನು ನಾನು. ಮಡಚಿ ಫೈಲಿನೊಳಗೆ ಹಾಕಿದ್ದೆ. ತಾತ ಇದ್ದಿದ್ದರೆ "ಇನ್ನೊಂದ್ ಸಲ ಓದ್ಲಾ" ಅಂತ ಗದರುತ್ತಿದ್ದ.

ಎರಡನೇ ಕೀಮೋ ಆಯ್ತು. ಕೂದಲು ಕೈಗೆ ಬಂತು. ಬಾಯಿ ಹುಣ್ಣಾಯ್ತು. ಆಗಲೇ ಆ ಮೆಸೇಜು ಬಂದದ್ದು, ನಾನು ಹೆಬ್ಬೆಟ್ಟು ಒತ್ತಿದ್ದು. "ನಮ್ ಹುಡ್ಗನೂ ಸೈ ಅಂದವ್ನೆ" ಅಂತ ಚಿಕ್ಕಮ್ಮ ನಮ್ಮ ಅಮ್ಮನಿಗೆ ಹೇಳಿದಳಂತೆ. ಮೂರನೇ ಕೀಮೋಗೆ ಅವಳು ಬರಲಿಲ್ಲ. ಹಣ್ಣಿನ ರಸ, ಎಲೆಯ ಕಷಾಯ ಶುರುವಾಯ್ತು. ಕೂದಲು ಮತ್ತೆ ಬಂತು, ಮುಖ ತುಂಬಿಕೊಂಡಿತು, ಊರೆಲ್ಲ ನೋಡಿ ಸಂತೋಷಪಟ್ಟಿತು. ಎಂಟು ತಿಂಗಳಿಗೆ ಬೆನ್ನುನೋವು. ಸ್ಕ್ಯಾನಿನಲ್ಲಿ ಬೆನ್ನುಮೂಳೆಗೂ ಲಿವರಿಗೂ ಹರಡಿತ್ತು. ಮುಂದಿನ ವರ್ಷ ಅವಳು ಇರಲಿಲ್ಲ.

ಕೀಮೋ ಪೂರ್ತಿ ಮಾಡಿದ್ದರೆ ಉಳೀತಿದ್ದಳಾ? ಹಾಗಂತ ಎದೆ ತಟ್ಟಿ ಯಾರೂ ಹೇಳಲಾರರು, ನಾನೂ ಹೇಳಲ್ಲ. ಪೂರ್ತಿ ಮಾಡಿದವರಿಗೂ ಕಾಯಿಲೆ ವಾಪಸ್ ಬರುತ್ತೆ. ಆದರೆ ಅವಳಿಗೆ ಸಿಗಬೇಕಿದ್ದ ಅವಕಾಶ ಎಷ್ಟು ಅನ್ನುವುದನ್ನು ಜನ ಲೆಕ್ಕ ಹಾಕಿಟ್ಟಿದ್ದಾರೆ. ಆಕ್ಸ್‌ಫರ್ಡ್‌ನಿಂದ ಕೆಲಸ ಮಾಡುವ ಸಂಶೋಧಕರ ಗುಂಪು ಜಗತ್ತಿನ ಟ್ರಯಲ್‌ಗಳನ್ನೆಲ್ಲ ಕೂಡಿಸಿ 2005ರಲ್ಲಿ 'ಲ್ಯಾನ್ಸೆಟ್'ನಲ್ಲಿ ಪ್ರಕಟಿಸಿದ ಲೆಕ್ಕ ಅದು. ಈ ಕೆಂಪು ಔಷಧಿಯ ಕುಟುಂಬದ್ದು ಸೇರಿದ ಸುಮಾರು ಆರು ತಿಂಗಳ ಕೀಮೋ, 50 ವರ್ಷದೊಳಗಿನ ಹೆಂಗಸರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವಿನ ವಾರ್ಷಿಕ ಪ್ರಮಾಣವನ್ನು ಸುಮಾರು 38% ಇಳಿಸುತ್ತೆ. 50ರಿಂದ 69ರವರಲ್ಲಿ ಸುಮಾರು 20%. ಅಂದರೆ ನೂರು ಸಾವು ಆಗುವ ಕಡೆ ಅರವತ್ತೆರಡು. ಪವಾಡ ಅಲ್ಲ. ಆದರೆ ಆ ಮೂವತ್ತೆಂಟರಲ್ಲಿ ಒಬ್ಬಳಾಗುವ ಅವಕಾಶವನ್ನು ಒಂದು ಹಣ್ಣಿನ ರಸಕ್ಕೆ ಮಾರಿಕೊಂಡೆವು.

ಹಾಗಾದರೆ ಆ ಕೆಂಪು ನೀರು ಏನು ಮಾಡುತ್ತೆ? ಅವಳಿಗೆ ಹೇಳಬೇಕಿದ್ದನ್ನು ಈಗ ನಿಮಗೆ ಹೇಳ್ತೀನಿ. ಅವಳಿಗೆ ಹೇಳುವ ಹಾಗೇ ಹೇಳ್ತೀನಿ.

ಮೊದಲು, ಅದು ಬಂದದ್ದು ಎಲ್ಲಿಂದ? ಮಣ್ಣಿನಿಂದ. ಮೊದಲ ಮಳೆ ಬಿದ್ದಾಗ ಹೊಲದಿಂದ ಏಳುವ ಘಮ ಇದೆಯಲ್ಲ, ಅದರಲ್ಲಿ ದೊಡ್ಡ ಪಾಲು ಸ್ಟ್ರೆಪ್ಟೊಮೈಸಿಸ್ ಅನ್ನುವ ಬ್ಯಾಕ್ಟೀರಿಯಾಗಳದ್ದು. ಅವು ಉಂಟುಮಾಡುವ ಜಿಯಾಸ್ಮಿನ್ ಅನ್ನುವ ವಸ್ತುವಿನ ವಾಸನೆ ಅದು. ಇದೇ ಸೂಕ್ಷ್ಮಜೀವಿಗಳ ವಂಶದಲ್ಲಿ ಅಮೆರಿಕದ ಸೆಲ್ಮನ್ ವಾಕ್ಸ್‌ಮನ್ ಮತ್ತು ಅವರ ಶಿಷ್ಯರು ಆಂಟಿಬಯೋಟಿಕ್ ಹುಡುಕಿದರು. 1940ರಲ್ಲಿ ಸಿಕ್ಕ ಆಕ್ಟಿನೊಮೈಸಿನ್ ಬ್ಯಾಕ್ಟೀರಿಯಾ ಕೊಲ್ಲುತ್ತಿತ್ತು, ಆದರೆ ಮನುಷ್ಯನಿಗೂ ತೀರಾ ವಿಷ ಅಂತ ಪಕ್ಕಕ್ಕಿಟ್ಟರು. 1943ರಲ್ಲಿ ಶಿಷ್ಯ ಆಲ್ಬರ್ಟ್ ಶಾಟ್ಸ್ ಕೈಗೆ ಸ್ಟ್ರೆಪ್ಟೊಮೈಸಿನ್ ಸಿಕ್ಕಿತು, ಟಿಬಿಗೆ ಮದ್ದಾಯ್ತು. ಮುಂದೆ, ಆ ಪಕ್ಕಕ್ಕಿಟ್ಟ ಆಕ್ಟಿನೊಮೈಸಿನ್ನೇ ಮಕ್ಕಳ ಕಿಡ್ನಿ ಕ್ಯಾನ್ಸರಿಗೆ ಔಷಧಿಯಾಯ್ತು. ಜ್ವರಕ್ಕೆ ತಗೊಳ್ಳಲಾಗದಷ್ಟು ವಿಷವಾದ ಆಂಟಿಬಯೋಟಿಕ್ ಕ್ಯಾನ್ಸರಿಗೆ ಬಳಕೆಗೆ ಬರಬಹುದು ಅನ್ನುವ ದಾರಿ ಹೀಗೆ ತೆರೆಯಿತು.

ಆ ದಾರಿಯಲ್ಲೇ ಇಟಲಿಯ ಫಾರ್ಮಿಟಾಲಿಯಾ ಕಂಪನಿಯವರು ಊರೂರಿನ ಮಣ್ಣು ತರಿಸಿ ನೋಡುತ್ತಿದ್ದರು. ದಕ್ಷಿಣ ಇಟಲಿಯ ಅಪುಲಿಯಾ ಪ್ರಾಂತ್ಯದಲ್ಲಿ ಕಾಸ್ಟೆಲ್ ದೆಲ್ ಮೊಂಟೆ ಅಂತ 13ನೇ ಶತಮಾನದ ಕೋಟೆ ಇದೆ. ಅದರ ಹತ್ತಿರದ ಮಣ್ಣಿನಲ್ಲಿ ಕೆಂಪು ಬಣ್ಣ ಬಿಡುವ ಒಂದು ಸ್ಟ್ರೆಪ್ಟೊಮೈಸಿಸ್ ಸಿಕ್ಕಿತು. ಅದು ಕೊಟ್ಟ ಔಷಧಿ ಡೌನೊರುಬಿಸಿನ್. ಹೆಸರಿನ ಅರ್ಧ ಆ ಸೀಮೆಯ ಪ್ರಾಚೀನ ಜನಾಂಗ ಡೌನಿಯಿಂದ, ಇನ್ನರ್ಧ ಮಾಣಿಕ್ಯದಿಂದ. ರಕ್ತದ ಕ್ಯಾನ್ಸರಿನ ಮೇಲೆ ಕೆಲಸ ಮಾಡಿತು, ಆದರೆ ಹೃದಯಕ್ಕೆ ಪೆಟ್ಟು ಕೊಟ್ಟಿತು. ಆಮೇಲೆ ಅದೇ ಬ್ಯಾಕ್ಟೀರಿಯಾದ ತಳಿ ಬದಲಿಸಿದರು. ಹೊಸ ತಳಿ ಕೊಟ್ಟ ಅಣುವಿನಲ್ಲಿ ಹಳೆಯದಕ್ಕಿಂತ ಒಂದೇ ಒಂದು ಆಮ್ಲಜನಕ ಪರಮಾಣು ಹೆಚ್ಚು. ಅಷ್ಟಕ್ಕೇ ಅದು ಗಟ್ಟಿ ಗೆಡ್ಡೆಗಳ ಮೇಲೂ ಕೆಲಸ ಮಾಡಿತು. ಪಕ್ಕದ ಆಡ್ರಿಯಾಟಿಕ್ ಸಮುದ್ರದ ಹೆಸರಿನಲ್ಲಿ ಆಡ್ರಿಯಾಮೈಸಿನ್ ಅಂತ ಕರೆದರು. 1974ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು.

'ಬರೀ ಕೆಮಿಕಲ್' ಅಂದಿರಲ್ಲ, ಇದೇ ಅದು. ಕೋಟೆ ಪಕ್ಕದ ಹೊಲದ ಮಣ್ಣು.

ಈಗ ಕೆಲಸ. ನಮ್ಮ ಕಡೆ ತೆಂಗಿನ ನಾರಿನಲ್ಲಿ ಹಗ್ಗ ಹೊಸೆಯುತ್ತಾರೆ. ಎರಡು ಎಳೆ, ಹುರಿ ಹಾಕಿ ಸುತ್ತಿದ್ದು. ಆ ಹಗ್ಗದ ಎರಡೂ ತುದಿ ಗೂಟಕ್ಕೆ ಕಟ್ಟಿ, ನಡುವೆ ಬೆರಳು ತೂರಿಸಿ ಎಳೆಗಳನ್ನು ಬಿಡಿಸುತ್ತಾ ಹೋಗಿ ನೋಡಿ. ಬಿಡಿಸಿದ ಕಡೆ ಸಡಿಲ, ಆದರೆ ಮುಂದಿನ ಕಡೆ ಹುರಿ ಬಿಗಿಯಾಗಿ, ತಿರುಚಿಕೊಂಡು ಗಂಟುಗಂಟಾಗುತ್ತೆ. ಜೀವಕೋಶದೊಳಗಿನ ಡಿಎನ್‌ಎ ಇಂಥದೇ ಎರಡೆಳೆ ಹಗ್ಗ. ಒಂದೊಂದು ಕೋಶದಲ್ಲೂ ಸುಮಾರು ಎರಡು ಮೀಟರ್. ಕೋಶ ಒಂದು ಎರಡಾಗಬೇಕಾದರೆ ಹಗ್ಗವನ್ನು ಬಿಡಿಸಿ ನಕಲು ಮಾಡಬೇಕು. ಬಿಡಿಸಿದಷ್ಟೂ ಮುಂದೆ ಸಿಕ್ಕು.

ಈ ಸಿಕ್ಕು ಬಿಡಿಸಲಿಕ್ಕೆ ಕೋಶದೊಳಗೆ ಒಬ್ಬ ಆಳಿದ್ದಾನೆ. ಟೊಪೊಐಸೊಮರೇಸ್-2 ಅನ್ನುವ ಎಂಜೈಮ್. ಇವನ ಧೈರ್ಯ ನೋಡಿ: ಹಗ್ಗದ ಎರಡೂ ಎಳೆಗಳನ್ನು ಕತ್ತರಿಸ್ತಾನೆ, ಕತ್ತರಿಸಿದ ತುದಿಗಳನ್ನು ಕೈಯಲ್ಲೇ ಹಿಡಿದಿರ್ತಾನೆ, ನಡುವಿನ ಸಂದಿಯಲ್ಲಿ ಹಗ್ಗದ ಇನ್ನೊಂದು ಭಾಗವನ್ನು ದಾಟಿಸ್ತಾನೆ, ಮತ್ತೆ ಮೊದಲಿನ ಹಾಗೇ ಜೋಡಿಸ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗೀತು.

ಡಾಕ್ಸೊರುಬಿಸಿನ್ ಅಣು ಚಪ್ಪಟೆ. ನಾಲ್ಕು ಉಂಗುರಗಳನ್ನು ಸಾಲಾಗಿ ಅಂಟಿಸಿದ ಹಾಗಿರುತ್ತೆ, ಪಕ್ಕಕ್ಕೊಂದು ಸಕ್ಕರೆಯ ಬಾಲ. ಪುಸ್ತಕದ ಹಾಳೆಗಳ ನಡುವೆ ಚೀಟಿ ತೂರಿಸಿದ ಹಾಗೆ ಡಿಎನ್‌ಎ ಮೆಟ್ಟಿಲುಗಳ ನಡುವೆ ನುಗ್ಗಿ ಕೂರುತ್ತೆ. ಎಲ್ಲಿ ಆ ಆಳು ಹಗ್ಗ ಕತ್ತರಿಸಿ ಹಿಡಿದು ನಿಂತಿದ್ದಾನೋ ಅಲ್ಲೇ ಸಿಕ್ಕಿಕೊಂಡು, ಅವನಿಗೆ ಮತ್ತೆ ಜೋಡಿಸಲು ಬಿಡೋದಿಲ್ಲ. ಕತ್ತರಿಸಿದ್ದಾಯ್ತು, ಕಟ್ಟಲಾಗಲಿಲ್ಲ. ಸಾಫ್ಟ್‌ವೇರಿನವರಿಗೆ ಹೇಳಬೇಕೆಂದರೆ, ಟ್ರಾನ್ಸಾಕ್ಷನ್ ಶುರುವಾಗಿದೆ, ಕಮಿಟ್ ಆಗ್ತಿಲ್ಲ, ರೋಲ್‌ಬ್ಯಾಕೂ ಆಗ್ತಿಲ್ಲ. ಇಂಥ ತುಂಡುಗಳು ಹೆಚ್ಚಾದರೆ ಕೋಶ ರಿಪೇರಿ ಕೈಬಿಟ್ಟು ತನ್ನನ್ನು ತಾನೇ ಮುಗಿಸಿಕೊಳ್ಳುತ್ತೆ. ಈ ಎಂಜೈಮೇ ಆಡ್ರಿಯಾಮೈಸಿನ್‌ನ ಗುರಿ ಅಂತ ತೋರಿಸಿಕೊಟ್ಟ ಪ್ರಯೋಗ ಪ್ರಕಟವಾದದ್ದು 1984ರಲ್ಲಿ.

ಕ್ಯಾನ್ಸರ್ ಕೋಶಕ್ಕೇ ಯಾಕೆ ಹೆಚ್ಚು ಪೆಟ್ಟು? ಅದು ಬಿಡುವಿಲ್ಲದೆ ಎರಡಾಗುತ್ತಾ ಇರುತ್ತೆ, ಹಾಗಾಗಿ ಅಲ್ಲಿ ಹಗ್ಗ ಕತ್ತರಿಸುವ ಆಳುಗಳೂ ಹೆಚ್ಚು, ಕೆಲಸವೂ ಹೆಚ್ಚು. ಮತ್ತೆ ಕೂದಲು ಯಾಕೆ ಉದುರಿತು, ಬಾಯಿ ಯಾಕೆ ಹುಣ್ಣಾಯ್ತು? ಕೂದಲಿನ ಬೇರು, ಬಾಯಿಯ ಒಳಪದರ, ರಕ್ತ ಹುಟ್ಟಿಸುವ ಮೂಳೆಯ ಮಜ್ಜೆ, ಇಲ್ಲೂ ಕೋಶಗಳು ಬೇಗ ಬೇಗ ಎರಡಾಗುತ್ತವೆ. ಅಂದರೆ ಕೂದಲು ಉದುರಿದ್ದು ಔಷಧಿ ತಪ್ಪಿದ್ದರ ಗುರುತಲ್ಲ. ಔಷಧಿ ಏನು ಮಾಡುತ್ತೆ ಅಂದಿದ್ದರೋ ಅದನ್ನು ಮಾಡಿದ್ದರ ಗುರುತು. ಮೂರು ವಾರ ಬಿಟ್ಟು ಬಿಟ್ಟು ಕೊಡುವುದೂ ಇದಕ್ಕೇ. ಮಜ್ಜೆಗೆ ಚೇತರಿಸಿಕೊಳ್ಳಲು ಹೊತ್ತು ಬೇಕು.

ಇಷ್ಟು ಹೇಳಲು ನನಗೆ ಎಷ್ಟು ಹೊತ್ತಾಯ್ತು? ಒಂದು ಟೀ ಕುಡಿಯುವಷ್ಟು. ಇದು ಗೊತ್ತಿದ್ದರೆ ಕನ್ನಡಿ ಮುಂದೆ ನಿಂತ ಚಿಕ್ಕಮ್ಮನಿಗೆ ಆ ಬೋಳುತಲೆ ಬೇರೆ ತರಹ ಕಾಣುತ್ತಿತ್ತೋ ಏನೋ. ನಾವು ಹೇಳಲಿಲ್ಲ. ಖಾಲಿ ಬಿಟ್ಟ ಜಾಗಕ್ಕೆ ಫಾರ್ವರ್ಡ್ ಬಂದು ಕೂತಿತು. ಹೇಗೆ ಕೆಲಸ ಮಾಡುತ್ತೆ ಅಂತ ಯಾರೂ ಹೇಳದ ಔಷಧಿಯ ಮುಂದೆ, ಹೇಗೆ ಕೆಲಸ ಮಾಡುತ್ತೆ ಅಂತ ಧೈರ್ಯವಾಗಿ ಸುಳ್ಳು ಹೇಳುವ ಹಣ್ಣು ಗೆಲ್ಲುತ್ತೆ. ಗೆದ್ದೇ ಗೆಲ್ಲುತ್ತೆ.

ಈಗ ಹಣ್ಣಿನ ವಿಷಯಕ್ಕೆ ಬರೋಣ. ಆ 'ಹತ್ತು ಸಾವಿರ ಪಟ್ಟು' ಎಲ್ಲಿಂದ ಬಂತು? ಗಾಳಿಯಿಂದ ಬಂದದ್ದಲ್ಲ. 1996ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದ ಸಂಶೋಧಕರು ಲಕ್ಷ್ಮಣ ಫಲದ ಬೀಜದಿಂದ ಕೆಲವು ಅಣುಗಳನ್ನು ಬೇರ್ಪಡಿಸಿದರು. ಅದರಲ್ಲಿ ಒಂದು, ಕರುಳಿನ ಕ್ಯಾನ್ಸರಿನ ಒಂದು ಬಗೆಯ ಕೋಶಗಳ ಮೇಲೆ, ಗಾಜಿನ ತಟ್ಟೆಯಲ್ಲಿ, ಒಂದು ಔಷಧಿಗಿಂತ ಹತ್ತು ಸಾವಿರ ಪಟ್ಟು ಪ್ರಬಲ ಅಂತ ಕಂಡಿತು. ಯಾವ ಔಷಧಿ ಗೊತ್ತಾ? ಆಡ್ರಿಯಾಮೈಸಿನ್. ಅದೇ ಕೆಂಪು ನೀರು. ಯಾವ ಔಷಧಿಯನ್ನು ಬಿಡಿ ಅಂತ ಮೆಸೇಜು ಹೇಳಿತೋ, ಅದನ್ನೇ ಅಳತೆಗೋಲು ಮಾಡಿಕೊಂಡಿತ್ತು.

ಆ ಒಂದು ವಾಕ್ಯದಿಂದ ಫಾರ್ವರ್ಡಿನವರು ಏನೇನು ಕಿತ್ತು ಹಾಕಿದ್ದಾರೆ ನೋಡಿ. ಬೀಜ ಹೋಗಿ ಹಣ್ಣಾಯ್ತು. ಬೇರ್ಪಡಿಸಿದ ಅಣು ಹೋಗಿ ರಸವಾಯ್ತು. ಗಾಜಿನ ತಟ್ಟೆ ಹೋಗಿ ಮನುಷ್ಯನ ಮೈಯಾಯ್ತು. ಒಂದು ಬಗೆಯ ಕೋಶ ಹೋಗಿ ಎಲ್ಲ ಕ್ಯಾನ್ಸರ್ ಆಯ್ತು. ತಟ್ಟೆಯಲ್ಲಿರುವ ಕ್ಯಾನ್ಸರ್ ಕೋಶವನ್ನು ಕೊಲ್ಲುವುದು ಕಷ್ಟದ ಕೆಲಸವೇ ಅಲ್ಲ. ಬ್ಲೀಚಿಂಗ್ ಪೌಡರ್ ನೀರೂ ಕೊಲ್ಲುತ್ತೆ. ಸುತ್ತ ಇರುವ ಮನುಷ್ಯನನ್ನು ಉಳಿಸಿಕೊಂಡು ಅದನ್ನು ಕೊಲ್ಲುವುದು ಕಷ್ಟ. ಡೆವಲಪರ್ ಲ್ಯಾಪ್‌ಟಾಪಿನಲ್ಲಿ ಓಡಿದ ಕೋಡನ್ನು ನೇರ ಪ್ರೊಡಕ್ಷನ್ನಿಗೆ ಬಿಡುತ್ತೀರಾ? ಅಪ್ಪ ಅಮ್ಮನ ಮೈಗೆ ಮಾತ್ರ ಹೇಗೆ ಬಿಡ್ತೀರಿ?

ಅಡ್ಡ ಪರಿಣಾಮ ಸೊನ್ನೆ ಅನ್ನುವುದಕ್ಕೆ ನಮ್ಮಜ್ಜಿಯೇ ಉತ್ತರ. ತಲೆಯಲ್ಲಿ ಹೇನಾದರೆ ಸೀತಾಫಲದ ಬೀಜ ಅರೆದು ಹಚ್ಚುತ್ತಿದ್ದಳು. ಹಚ್ಚುವ ಮೊದಲು ಹಣೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, "ಕಣ್ಣಿಗೆ ಬಿದ್ರೆ ಕಣ್ಣೇ ಹೋಗ್ತದೆ, ಅಲ್ಲಾಡ್ಬ್ಯಾಡ" ಅನ್ನುತ್ತಿದ್ದಳು. ಸೀತಾಫಲ, ಲಕ್ಷ್ಮಣ ಫಲ ಒಂದೇ ಕುಲ. ಹೇನು ಕೊಲ್ಲುವುದೂ, ಆ ತಟ್ಟೆಯಲ್ಲಿ ಕೋಶ ಕೊಂದದ್ದೂ ಅಸಿಟೊಜೆನಿನ್ ಅನ್ನುವ ಒಂದೇ ಜಾತಿಯ ಅಣುಗಳು. ಕೋಶದೊಳಗೆ ಶಕ್ತಿ ತಯಾರಾಗುವ ಜಾಗವನ್ನೇ ಅವು ಕಟ್ಟಿಹಾಕುತ್ತವೆ. ನರಕೋಶಕ್ಕೆ ಅದರಿಂದ ಅಪಾಯ. ಕೆರಿಬಿಯನ್ನಿನ ಗ್ವಾಡಲೂಪ್ ದ್ವೀಪದಲ್ಲಿ ಪಾರ್ಕಿನ್ಸನ್ ತರಹದ, ಆದರೆ ಅದರ ಮಾಮೂಲಿ ಮಾತ್ರೆಗೆ ಬಗ್ಗದ ಕಾಯಿಲೆ ಹೆಚ್ಚಿರುವುದನ್ನೂ, ಈ ಹಣ್ಣು ಮತ್ತು ಎಲೆಯ ಕಷಾಯದ ಜೊತೆ ಅದಕ್ಕಿರುವ ನಂಟನ್ನೂ 1999ರಲ್ಲೇ ವೈದ್ಯರು 'ಲ್ಯಾನ್ಸೆಟ್'ನಲ್ಲಿ ಬರೆದರು. ಹಣ್ಣೇ ಕಾರಣ ಅಂತ ಪೂರ್ತಿ ಸಾಬೀತಾಗಿಲ್ಲ, ಅಪರೂಪಕ್ಕೊಂದು ತಿಂದರೆ ಏನೂ ಆಗಲ್ಲ. ಆದರೆ ತಿಂಗಳುಗಟ್ಟಲೆ ಕಷಾಯ ಕುಡಿಸಿ 'ಸೊನ್ನೆ' ಅನ್ನುವುದಕ್ಕೆ ಯಾವ ಆಧಾರವೂ ಇಲ್ಲ.

'ನ್ಯಾಚುರಲ್' ಅಂದರೆ ಸೌಮ್ಯ ಅನ್ನುವ ಭ್ರಮೆ ಹಳ್ಳಿಯದಲ್ಲ ಕಣ್ರೀ. ಕಳ್ಳಿ ಹಾಲು, ದತ್ತೂರಿ ಕಾಯಿ, ಕಣಗಿಲೆ ನೋಡಿ ಬೆಳೆದವರು ಯಾರೂ ಹಾಗೆ ನಂಬಲ್ಲ. ಅದು ಆರ್ಗ್ಯಾನಿಕ್ ಅಂಗಡಿಯ ಎಸಿ ಕೆಳಗೆ ಹುಟ್ಟಿದ ಭ್ರಮೆ. ಆ ಮೆಸೇಜು ಮೊದಲು ಓಡಾಡಿದ್ದೂ ಇಂಗ್ಲಿಷಿನಲ್ಲೇ, ಈಮೇಲುಗಳಲ್ಲಿ. ಕನ್ನಡಕ್ಕೆ ಇಳಿಸಿದವರೂ ಓದಿದವರೇ ಇರಬೇಕು. ಆಮೇಲೆ 'ಹಳ್ಳಿಯವರ ಮೂಢನಂಬಿಕೆ' ಅಂತ ನಗುವವರೂ ನಾವೇ.

ಕಂಪನಿಗಳು ಗಿಡಮರದ ಔಷಧಿ ಮುಚ್ಚಿಡ್ತಾವೆ ಅನ್ನುವುದು ಇನ್ನೊಂದು. ಮನೆ ಮುಂದೆ ಬೆಳೆಯುವ ನಿತ್ಯಪುಷ್ಪದಿಂದ ವಿನ್‌ಕ್ರಿಸ್ಟಿನ್ ಬಂತು, ಮಕ್ಕಳ ರಕ್ತದ ಕ್ಯಾನ್ಸರಿಗೆ ಕೊಡ್ತಾರೆ. ಯೂ ಮರದ ತೊಗಟೆಯಿಂದ ಪ್ಯಾಕ್ಲಿಟ್ಯಾಕ್ಸೆಲ್ ಬಂತು. ಮಣ್ಣಿನಿಂದ ಡಾಕ್ಸೊರುಬಿಸಿನ್ ಬಂತು. ಕಂಪನಿಗಳು ದುಡ್ಡು ಮಾಡೋದು ನಿಜ, ಕೆಲವು ಔಷಧಿಗಳ ಬೆಲೆ ನೋಡಿದರೆ ಹೊಟ್ಟೆ ಉರಿಯೋದೂ ನಿಜ. ಆದರೆ ಪ್ರಕೃತಿಯಿಂದ ಕೆಲಸಕ್ಕೆ ಬರುವ ಅಣು ಸಿಕ್ಕರೆ ಅವರು ಬಚ್ಚಿಡಲ್ಲ, ಮಾರ್ತಾರೆ.

ಹಾಗಾದರೆ ಕೀಮೋ ವಿಷ ಅಲ್ವಾ? ವಿಷವೇ. ಇದನ್ನು ಒಪ್ಪಿಕೊಳ್ಳದೆ 'ವಿಜ್ಞಾನ ವಿಜ್ಞಾನ' ಅಂತ ಕೂಗುವವರ ಜೊತೆಗೂ ನನಗೆ ಜಗಳ ಇದೆ. ಅದನ್ನು ಉಂಟುಮಾಡುವ ಬ್ಯಾಕ್ಟೀರಿಯಾಗೇ ಅದು ವಿಷ. ತನ್ನೊಳಗೆ ತಯಾರಾದದ್ದನ್ನು ಆಚೆ ತಳ್ಳಲು ಅದು ಮೈಮೇಲೆ ಪಂಪು ಇಟ್ಟುಕೊಂಡಿದೆ. ಅದೇ ಬಗೆಯ ಪಂಪನ್ನು ಹಟಮಾರಿ ಕ್ಯಾನ್ಸರ್ ಕೋಶಗಳೂ ಹೆಚ್ಚಿಸಿಕೊಂಡು ಔಷಧಿಯನ್ನು ಹೊರಗೆ ಎರಚುತ್ತವೆ, ಕೀಮೋ ಸೋಲುವ ಒಂದು ಕಾರಣ ಅದು.

ಹೃದಯದ ವಿಷಯವೂ ನಿಜ. ಹೃದಯದ ಕೋಶ ಎರಡಾಗುವುದು ತೀರಾ ಕಮ್ಮಿ, ಆದರೂ ಈ ಔಷಧಿ ಅಲ್ಲಿ ಹಾನಿ ಮಾಡುತ್ತೆ. ಅಲ್ಲಿರುವುದು ಆ ಎಂಜೈಮಿನ ಇನ್ನೊಂದು ರೂಪ. ಹಾನಿ ಪ್ರತಿ ಸಲದ್ದೂ ಕೂಡುತ್ತಾ ಹೋಗುತ್ತೆ. 1979ರಲ್ಲಿ ಅಮೆರಿಕದ ವೈದ್ಯರು 4,018 ರೋಗಿಗಳ ದಾಖಲೆ ತೆಗೆದು ಕೂತರು. 88 ಜನಕ್ಕೆ ಹೃದಯ ವೈಫಲ್ಯ ಆಗಿತ್ತು. ಮೈಯ ಚದರ ಮೀಟರಿಗೆ ಒಟ್ಟು 400 ಮಿಲಿಗ್ರಾಂ ಆದಾಗ ನೂರಕ್ಕೆ 3, 550 ಆದಾಗ 7, 700 ಆದಾಗ 18 ಅಂತ ಅಂದಾಜು ಸಿಕ್ಕಿತು. 2003ರಲ್ಲಿ ಬೇರೆ ಟ್ರಯಲ್‌ಗಳ ದಾಖಲೆ ಹಿಡಿದು ಮತ್ತೆ ಲೆಕ್ಕ ಹಾಕಿದಾಗ, ಹಳೆಯ ಅಂದಾಜು ಕಮ್ಮಿಯಾಯ್ತು, 400ಕ್ಕೆ 5, 550ಕ್ಕೆ 26 ಅಂತ ತಮ್ಮದನ್ನು ತಾವೇ ತಿದ್ದಿಕೊಂಡರು. ಅದಕ್ಕೇ ಜೀವಮಾನಕ್ಕೆ ಇಷ್ಟೇ ಅಂತ ಮಿತಿ, ಶುರು ಮಾಡುವ ಮೊದಲು ಎಕೋ ಪರೀಕ್ಷೆ. ಚಿಕ್ಕಮ್ಮನಿಗೆ ಒಂದು ಸಲಕ್ಕೆ ಚದರ ಮೀಟರಿಗೆ 60, ನಾಲ್ಕು ಸಲಕ್ಕೆ 240. ಮಿತಿಯಿಂದ ದೂರವೇ ಇದ್ದಳು. ಈಗ ಕೆಲವರಿಗೆ ಈ ಔಷಧಿ ಇಲ್ಲದ ಕೀಮೋ ಕೊಡ್ತಾರೆ, ಕೊಬ್ಬಿನ ಗುಳ್ಳೆಯೊಳಗೆ ಸುತ್ತಿದ ರೂಪ 1995ರಿಂದಲೇ ಇದೆ. ಎಲ್ಲವೂ ಅಳೆದು, ತಪ್ಪು ಒಪ್ಪಿಕೊಂಡು ಮಾಡಿದ ಬದಲಾವಣೆ.

ನನ್ನ ಪ್ರಕಾರ ಗೆರೆ ಎಳೆಯಬೇಕಾದ್ದು ಇಲ್ಲಿ. ನ್ಯಾಚುರಲ್ಲಾ ಕೆಮಿಕಲ್ಲಾ ಅನ್ನುವುದು ಪ್ರಶ್ನೆಯೇ ಅಲ್ಲ. ಎಷ್ಟು, ಯಾರಿಗೆ, ಏನು ಮಾಡುತ್ತೆ, ಎಷ್ಟು ಜನರ ಮೇಲೆ ನೋಡಿದ್ದಾರೆ, ತೊಂದರೆ ಆದವರನ್ನು ಎಣಿಸಿದ್ದಾರಾ ಅನ್ನುವುದು ಪ್ರಶ್ನೆ. ಕೆಂಪು ನೀರು ಕೊಂದವರ ಲೆಕ್ಕ ಇದೆ, ಅದನ್ನು ಕೊಡುವವರೇ ಬರೆದಿಟ್ಟಿದ್ದಾರೆ. ಲಕ್ಷ್ಮಣ ಫಲದ ರಸ ನಂಬಿ ಹೋದವರ ಲೆಕ್ಕ ಎಲ್ಲಿದೆ? ನಮ್ಮ ಚಿಕ್ಕಮ್ಮ ಯಾವ ಪಟ್ಟಿಯಲ್ಲೂ ಇಲ್ಲ. 'ಹೋದ ಸಲ ಕಳಿಸಿದ್ದು ತಪ್ಪು' ಅನ್ನುವ ಒಂದು ಫಾರ್ವರ್ಡನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ಹಾಗಾಗಿ ನಿಮ್ಮಲ್ಲಿ ಕೇಳಿಕೊಳ್ಳೋದು. ನಿಮ್ಮ ಮನೆಯಲ್ಲೂ ಯಾರಾದರೂ ಒಂದು ದಿನ ಆ ಕುರ್ಚಿಯಲ್ಲಿ ಕೂರಬಹುದು. ಡಾಕ್ಟರಿಗೆ ಹತ್ತೇ ನಿಮಿಷ ಇರುತ್ತೆ, ಜಗಳ ಆಡಿಯಾದರೂ ಆ ಹತ್ತು ನಿಮಿಷದಲ್ಲಿ ಕೇಳಿ: ಔಷಧಿಯ ಹೆಸರೇನು, ಏನು ಮಾಡುತ್ತೆ, ಒಟ್ಟು ಎಷ್ಟು ಡೋಸ್, ಏನೇನು ಆಗುತ್ತೆ, ಯಾವುದಾದರೆ ತಕ್ಷಣ ಓಡಿ ಬರಬೇಕು. ಕೀಮೋ ನಡುವೆ 100.4 ಡಿಗ್ರಿ ಜ್ವರ ಬಂದರೆ ಪ್ಯಾರಾಸಿಟಮಾಲ್ ನುಂಗಿಸಿ ಮಲಗಿಸಬೇಡಿ, ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ. ಬಿಳಿ ರಕ್ತಕಣ ಇಳಿದಾಗ ಬರುವ ಸೋಂಕು ಜೀವ ತೆಗೆಯುತ್ತೆ. ಹಣ್ಣು, ಕಷಾಯ ಕೊಡಲೇಬೇಕು ಅನಿಸಿದರೆ ಡಾಕ್ಟರಿಗೆ ಹೇಳಿ ಕೊಡಿ, ಔಷಧಿ ಬಿಡಿಸಿ ಕೊಡಬೇಡಿ. ಮುಖ್ಯವಾಗಿ, ಮನೆಗೆ ಬಂದು ಅವರ ಪಕ್ಕ ಕೂತು, ಅವರ ಭಾಷೆಯಲ್ಲಿ, ಅವರಿಗೆ ಗೊತ್ತಿರುವ ಹಗ್ಗ, ಹೊಲ, ಹುಳದ ಲೆಕ್ಕದಲ್ಲಿ ಹೇಳಿ. ಅರ್ಥ ಆಗುತ್ತೆ.

ದೊಡ್ಡಪ್ಪನ ಮಗ ಈಗಲೂ ಗ್ರೂಪಿನಲ್ಲಿದ್ದಾನೆ. ಅವನ ಮೇಲೆ ಸಿಟ್ಟು ಮಾಡಿಕೊಂಡು ಏನು ಮಾಡಲಿ, ಅವನು ಕಳಿಸಿದ್ದಕ್ಕಿಂತ ನಾನು ಒತ್ತಿದ್ದನ್ನೇ ಚಿಕ್ಕಮ್ಮ ಹೆಚ್ಚು ನಂಬಿದ್ದು. ಹೋದ ವಾರ ಅವನು ಶುಗರ್ ಕಾಯಿಲೆ ವಾಸಿ ಮಾಡುವ ಯಾವುದೋ ಕಾಯಿಯ ಮೆಸೇಜು ಹಾಕಿದ. ನಾನು ಮೀಟಿಂಗಿನಲ್ಲಿದ್ದೆ. ಸಂಜೆ ಕೂತು ಪೂರ್ತಿ ಓದಿದೆ. ಇನ್ನೊಂದು ಸಲ ಓದಿದೆ. ಆಮೇಲೆ ಗ್ರೂಪಿನಲ್ಲೇ ಬರೆದೆ: "ಅಣ್ಣ, ಇದರಲ್ಲಿ ಬರೆದಿರೋದನ್ನ ಯಾರ ಮೇಲೆ ನೋಡಿದ್ದಾರೆ, ಎಷ್ಟು ಜನ, ಗೊತ್ತಾದರೆ ಹೇಳು. ಅಲ್ಲಿವರೆಗೂ ಅಮ್ಮ ಮಾತ್ರೆ ಬಿಡಲ್ಲ."

ಅವನು ಇನ್ನೂ ಉತ್ತರ ಕೊಟ್ಟಿಲ್ಲ. ಅಮ್ಮ ಮಾತ್ರೆ ತಗೊಳ್ತಿದ್ದಾಳೆ.